ಮಗ್ದಲೇನಾಳ ಅರ್ಧ ಮನೆ

ಮೇ ತಿಂಗಳು ಬಂದರೆ ಆ ಸೀಮೆಯಲ್ಲಿ ಬಿತ್ತನೆಗೆ ಮೊದಲು ಕಲ್ಲು ಆಯಬೇಕು. ಚಳಿಗಾಲವೆಲ್ಲ ಹೆಪ್ಪುಗಟ್ಟಿ ಉಬ್ಬಿದ ನೆಲ ತನ್ನ ಹೊಟ್ಟೆಯೊಳಗಿನ ಕಲ್ಲುಗಳನ್ನು ಒಂದೊಂದಾಗಿ ಮೇಲಕ್ಕೆ ನೂಕಿರುತ್ತದೆ. ಹೋದ ವರ್ಷ ಸೊಂಟ ಮುರಿದುಕೊಂಡು ಆಯ್ದ ಹೊಲದಲ್ಲೇ ಈ ವರ್ಷ ಮತ್ತೆ ಅಷ್ಟೇ ಕಲ್ಲು. ಎರ್ವಿನ್ ಟ್ರ್ಯಾಕ್ಟರನ್ನು ಆಮೆಯ ನಡಿಗೆಯಲ್ಲಿ ಬಿಟ್ಟುಕೊಂಡು ಹೋಗುತ್ತಿದ್ದ. ಹಿಂದೆ ಕಟ್ಟಿದ ತಗ್ಗು ಗಾಡಿಯ ಪಕ್ಕದಲ್ಲಿ ಅವನ ಹೆಂಡತಿ ಲಿಯೋನಾ ನಡೆಯುತ್ತ, ಬಗ್ಗುತ್ತ, ಎತ್ತಿ ಹಾಕುತ್ತ ಬರುತ್ತಿದ್ದಳು. ದೊಡ್ಡ ಕಲ್ಲು ಸಿಕ್ಕರೆ ಎರ್ವಿನ್ ಇಳಿಯುತ್ತಿದ್ದ. ಮಂಡಿ ಕೆಟ್ಟವನು, ಇಳಿಯುವಾಗ ಒಮ್ಮೆ ಗೊಣಗಿದರೆ ಹತ್ತುವಾಗ ಇನ್ನೊಮ್ಮೆ ಗೊಣಗುತ್ತಿದ್ದ.

ಕಲ್ಲನ್ನು ಗಾಡಿಗೆ ಹಾಕುವ ಮುಂಚೆ ಲಿಯೋನಾ ಅದನ್ನು ಒಮ್ಮೆ ತಿರುಗಿಸಿ ನೋಡುತ್ತಿದ್ದಳು. ಒಂದು ಮುಖ ಚಪ್ಪಟೆಯಾಗಿದೆಯೇ, ಎಲ್ಲಾದರೂ ಮಸಿ ಹಿಡಿದಿದೆಯೇ, ಹಳೆಯ ಮಣ್ಣಿನ ಗಾರೆ ಅಂಟಿದೆಯೇ ಎಂದು. ಅವಳ ಅಪ್ಪನೂ ಹಾಗೇ ನೋಡುತ್ತಿದ್ದ.

"ಅದನ್ನೇನು ಮೂಸಿ ನೋಡ್ತೀಯ, ಕಲ್ಲಂಗಡಿ ಹಣ್ಣಾ ಅದು?" ಎಂದು ಎರ್ವಿನ್ ಕೂಗಿದ. "ಈ ಹೊಲದಲ್ಲಿ ನಿಮ್ಮಜ್ಜಿ ಮನೆ ಇದ್ದಿದ್ರೆ ಇಷ್ಟು ಹೊತ್ತಿಗೆ ನೇಗಿಲಿಗೆ ಅವಳ ಒಲೇನೇ ಸಿಗ್ತಿತ್ತು ಕಣೇ."

"ನೀನು ಸುಮ್ನೆ ಗಾಡಿ ನೋಡ್ಕೊಂಡು ಓಡ್ಸು. ಆಗ್ಲೇ ಎರಡು ದೊಡ್ಡ ಕಲ್ಲು ಬಿಟ್ಟು ಬಂದಿದೀಯ."

ಮನೆ ಎಂದರೆ ಲಿಯೋನಾಳ ಮುತ್ತಜ್ಜಿ ಮಗ್ದಲೇನಾಳ ಮನೆ. ನೂರು ವರ್ಷಕ್ಕೂ ಹಿಂದೆ, ಇನ್ನೂ ಮದುವೆಯಾಗದ ಹುಡುಗಿ, ಕಪ್ಪುಸಮುದ್ರದ ಕಡೆಯ ಜರ್ಮನ್ ಹಳ್ಳಿಯಿಂದ ಅಣ್ಣಂದಿರ ಜೊತೆ ಹಡಗು ಹತ್ತಿ ಈ ಡಕೋಟಾ ಬಯಲಿಗೆ ಬಂದಿದ್ದಳು. ಸರ್ಕಾರ ಆಗ ನೂರರವತ್ತು ಎಕರೆ ಬರಿಯ ಹುಲ್ಲುನೆಲವನ್ನು ಕೇಳಿದವರಿಗೆ ಕೊಡುತ್ತಿತ್ತು. ಷರತ್ತು ಇಷ್ಟೇ: ಅಲ್ಲಿಯೇ ಮನೆ ಕಟ್ಟಬೇಕು, ಅಲ್ಲಿಯೇ ಮಲಗಬೇಕು, ಒಂದಿಷ್ಟು ನೆಲ ಉಳಬೇಕು. ಐದು ವರ್ಷ ಹಾಗೆ ಬಾಳಿ ತೋರಿಸಿದರೆ ನೆಲ ನಿನ್ನದು. ಮಗ್ದಲೇನಾ ಬಾಳಿ ತೋರಿಸಿದಳು. ಮರವೊಂದಿಲ್ಲದ, ನೆರೆಯೊಂದಿಲ್ಲದ ಬಯಲಿನ ನಟ್ಟನಡುವೆ ತನ್ನ ಕೈಯಿಂದಲೇ ಮನೆ ಕಟ್ಟಿಕೊಂಡು, ಬೆರಣಿ ಉರಿಸಿ ಚಳಿ ಕಳೆದು, ಒಬ್ಬಳೇ ಐದು ವರ್ಷ. ಲಿಯೋನಾ ಹುಟ್ಟಿದಾಗಿನಿಂದ ಕೇಳಿದ ಕತೆ ಇದು. ಚಿಕ್ಕವಳಿದ್ದಾಗ ಜನವರಿಯ ಗಾಳಿ ಕಿಟಕಿ ಅಲುಗಿಸಿದರೆ ಹಾಸಿಗೆಯಲ್ಲಿ ಮುದುಡಿಕೊಂಡು ಅವಳು ಮುತ್ತಜ್ಜಿಯನ್ನು ನೆನೆಯುತ್ತಿದ್ದಳು. ಪಾಪ, ಮಾತಾಡುವುದಕ್ಕೂ ಒಬ್ಬರಿಲ್ಲದೆ ಹೇಗಿದ್ದಳೋ ಎಂದು ದಿಂಬಿಗೆ ಮುಖ ಒತ್ತಿ ಅಳುತ್ತಿದ್ದಳು.

ಆ ಮನೆ ಎಲ್ಲಿತ್ತು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಹುಡುಕಿ ಹುಡುಕಿ ಹಾಗೆಯೇ ಮಣ್ಣಾದ. ಲಿಯೋನಾ ರಾಜಧಾನಿಗೆ ಬರೆದು ಮುತ್ತಜ್ಜಿಯ ಕಾಗದಗಳ ನಕಲು ತರಿಸಿದಳು. ಚರ್ಚಿನ ಹಳೆಯ ದಾಖಲೆ ತಿರುವಿದಳು. ಬದುಕಿದ್ದ ಅತ್ತೆ ಚಿಕ್ಕಪ್ಪಂದಿರನ್ನೆಲ್ಲ ಕೂರಿಸಿಕೊಂಡು ಕೇಳಿದಳು. ಹಡಗಿನ ಹೆಸರು ಸಿಕ್ಕಿತು, ಮದುವೆಯ ದಿನ ಸಿಕ್ಕಿತು, ಹನ್ನೆರಡು ಅಡಿಗೆ ಹನ್ನೆರಡು ಅಡಿಯ ಮರದ ಮನೆ ಎಂಬ ಒಂದು ಸಾಲೂ ಸಿಕ್ಕಿತು. ಜಾಗ ಸಿಗಲಿಲ್ಲ.

ಈ ವರ್ಷ ಅದಕ್ಕೊಂದು ಗಡುವೂ ಬಿದ್ದಿತ್ತು. ಎರ್ವಿನ್‌ನ ಮಂಡಿಯ ದೆಸೆಯಿಂದ ಪಶ್ಚಿಮದ ಅಂಚಿನ ಹುಲ್ಲುಗಾವಲನ್ನು ಅವರು ಪಕ್ಕದ ಓರಿನ್ ಸ್ಲೆಟ್ಟನ್‌ಗೆ ಗೇಣಿಗೆ ಕೊಟ್ಟಿದ್ದರು. ಓರಿನ್‌ನ ಹುಲ್ಲುಗಾವಲು ಬೇಲಿಯ ಆಚೆಗೇ ಇತ್ತು. ನಡುವಣ ಬೇಲಿ ಕಿತ್ತು, ಎರಡನ್ನೂ ಒಂದೇ ಹೊಲ ಮಾಡಿ, ಉತ್ತು ಸೋಯಾ ಹಾಕುವುದು ಅವನ ಲೆಕ್ಕಾಚಾರ. ಕೊಡುವಾಗ ಹೂಂ ಎಂದಿದ್ದ ಲಿಯೋನಾಗೆ ಆಮೇಲೆ ನಿದ್ದೆ ಹತ್ತಲಿಲ್ಲ. ಅವರ ನೂರರವತ್ತು ಎಕರೆಯಲ್ಲಿ ನೇಗಿಲು ತಾಗದ ನೆಲ ಅದೊಂದೇ ಉಳಿದಿತ್ತು. ಬೇರೆಲ್ಲ ಕಡೆ ಇಲ್ಲದ ಮನೆ ಅಲ್ಲಿದ್ದರೆ? ಒಮ್ಮೆ ಉತ್ತುಬಿಟ್ಟರೆ ಇನ್ನು ಯಾವ ಕಾಲಕ್ಕೂ ಸಿಗುವಂತಿಲ್ಲ.

ಆ ದಿನ ಮಧ್ಯಾಹ್ನ ಓರಿನ್ ತನ್ನ ಪಿಕಪ್ ಗಾಡಿ ಬದಿಗೆ ನಿಲ್ಲಿಸಿ ಬಂದ. ನಾರ್ವೆಯಿಂದ ಬಂದು ನೆಲೆಸಿದವರ ಮನೆತನದ ಉದ್ದನೆಯ ಆಳು, ಮಾತಾಡುವುದಕ್ಕೂ ಅವಸರವಿಲ್ಲದವನು. ಲಿಯೋನಾ ಮತ್ತು ಅವನು ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು.

"ಸಿಕ್ತಾ ಅರಮನೆ?"

"ನಗಬೇಡ ಕಣೋ. ಇನ್ನೊಂದು ಸ್ವಲ್ಪ ದಿನ ತಡಿ ಅಂತ ಕೇಳಬೇಕು ಅಂತಿದ್ದೆ."

"ಲಿಯೋನಾ, ನಿಮ್ಮಪ್ಪ ಹುಡುಕಿದ್ದು ನಲವತ್ತು ವರ್ಷ. ನೀನು ಹುಡುಕಿದ್ದು ಮೂವತ್ತು. ನಾನೊಬ್ಬ ಎಷ್ಟು ಅಂತ ತಡೀಲಿ?" ಓರಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನನ್ನ ಉಳಿದ ಹೊಲಗಳ ಬಿತ್ತನೆ ಮುಗೀಲಿ. ಅಲ್ಲೀವರೆಗೆ ನಿನ್ನದು. ಜಾಗ ತೋರಿಸಿದ್ರೆ ಸುತ್ತ ಬಿಟ್ಟು ಉಳ್ತೀನಿ, ಮಾತು. ತೋರಿಸ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ."

"ನಾರ್ವೆಯೋರ ಮಾತು. ಬರೆಸ್ಕೋ ಲಿಯೋನಾ," ಎಂದ ಎರ್ವಿನ್ ಟ್ರ್ಯಾಕ್ಟರಿನ ಮೇಲಿಂದ.

"ಜರ್ಮನ್ನರ ಥರ ನಾವು ಮಾತನ್ನೂ ಉಪ್ಪಿನಕಾಯಿ ಹಾಕಿ ಇಡಲ್ಲ, ಆಡಿದ ದಿನವೇ ಖರ್ಚು ಮಾಡ್ತೀವಿ," ಎಂದು ಓರಿನ್ ನಿಧಾನಕ್ಕೆ ಹೊರಟ.

ಲಿಯೋನಾ ಬಿತ್ತನೆ ನಡೆದ ಮೂರು ವಾರ ಸಂಜೆ ಸಂಜೆಗೆ ಹುಲ್ಲುಗಾವಲಿನಲ್ಲಿ ಅಲೆದಳು. ಸೂರ್ಯ ಇಳಿದಾಗ ತಗ್ಗುಗಳ ನೆರಳು ಉದ್ದವಾಗಿ ಬೀಳುತ್ತದೆ, ಹಳೆಯ ಗುಂಡಿ ಇದ್ದರೆ ಆಗ ಕಾಣುತ್ತದೆ ಎಂದು ಯಾರೋ ಹೇಳಿದ್ದರು. ಬಯಲಿನ ನಡುವೆ ನಿಂತು ನೋಡಿದಳು, ದಿಬ್ಬದ ಮೇಲೆ ನಿಂತು ನೋಡಿದಳು. ನರಿಗಳ ಬಿಲ ಸಿಕ್ಕಿತು, ಹಸುವಿನ ಒಂದು ಹಳೆಯ ತಲೆಬುರುಡೆ ಸಿಕ್ಕಿತು. ಹುಲ್ಲು ಮೊಣಕಾಲಿಗೆ ಬಂತು. ಓರಿನ್‌ನ ಬಿತ್ತನೆ ಮುಗಿಯಿತು.

ಬೇಲಿ ಕೀಳುವ ದಿನ ಲಿಯೋನಾ ಹೋಗಬಾರದೆಂದೇ ಇದ್ದಳು. ಆದರೆ ಎರ್ವಿನ್ ಕೈಯಾಸರೆಗೆಂದು ಹೋಗಿದ್ದ, ಅವನ ಊಟದ ಡಬ್ಬಿ ಮೇಜಿನ ಮೇಲೇ ಉಳಿದಿತ್ತು. ಡಬ್ಬಿಯ ಜೊತೆ ಒಂದು ಫ್ಲಾಸ್ಕ್ ಕಾಫಿಯನ್ನೂ ತೆಗೆದುಕೊಂಡು ನಡೆದಳು.

ತಂತಿ ಬಿಚ್ಚಿ ಸುತ್ತಿಟ್ಟಾಗಿತ್ತು. ಕಂಬಕ್ಕೆ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಎಳೆಯುತ್ತಿದ್ದರು. ಒಂದೊಂದು ಕಂಬವೂ ಹಲ್ಲು ಕಿತ್ತಂತೆ ನರಳಿ ನರಳಿ, ಬುಡದಲ್ಲಿ ಕಲ್ಲುಮಣ್ಣಿನ ಗಟ್ಟಿ ಹೆಂಟೆ ಕಚ್ಚಿಕೊಂಡೇ ಬರುತ್ತಿತ್ತು. ಇಬ್ಬರು ಗಂಡಸರೂ ಎಂದಿನ ಜಗಳ ಹಿಡಿದಿದ್ದರು.

"ಬಂತು ನೋಡು ನಿನ್ನ ಹಸುಗಳು ಬೀಳಿಸೋ ಕಂಬ," ಎಂದ ಓರಿನ್. "ಪ್ರತಿ ವರ್ಷ ಇವೆರಡನ್ನ ನಿಲ್ಲಿಸಿ ನಿಲ್ಲಿಸಿ ನನ್ನ ಸೊಂಟ ಹೋಯ್ತು."

"ನನ್ನ ಹಸು? ನಾನು ಹಸು ಮಾರಿ ಎಂಟು ವರ್ಷ ಆಯ್ತು. ಆಮೇಲೂ ಬಿದ್ವಲ್ಲ, ದೆವ್ವದ ಹಸುಗಳಾ?"

"ಹಂಗಾದ್ರೆ ನಿನ್ನ ಕೈಗುಣ. ಹೋದ ಸಲ ನಿಲ್ಲಿಸಿದ್ದು ನೀನು."

ಆ ಎರಡು ಕಂಬಗಳ ಸುದ್ದಿ ಲಿಯೋನಾಗೂ ಹಳೆಯದು. ಬೇಲಿಯುದ್ದಕ್ಕೂ ಎಲ್ಲ ಕಂಬ ನೆಟ್ಟಗಿದ್ದರೂ ಇವು ಎರಡು ಮಾತ್ರ ವಾಲುತ್ತಿದ್ದವು. ಅಪ್ಪನ ಕಾಲದಲ್ಲೂ ಅದೇ ಜಗಳ. ಓರಿನ್ ಸರಪಳಿ ತರಲು ತಿರುಗುವಷ್ಟರಲ್ಲಿ ಎರ್ವಿನ್ ಸುಮ್ಮನೆ ಕೈಯಿಂದ ಅಲುಗಿಸಿದ. ಕಂಬ ಬೆಣ್ಣೆಯೊಳಗಿನ ಚಾಕುವಿನ ಹಾಗೆ ಮೇಲಕ್ಕೆ ಬಂತು. ಬುಡದಲ್ಲಿ ಹೆಂಟೆಯಿಲ್ಲ, ಕಲ್ಲಿಲ್ಲ. ಸಡಿಲವಾದ ಕಪ್ಪು ಮಣ್ಣು.

ಲಿಯೋನಾ ಡಬ್ಬಿಯನ್ನು ಹುಲ್ಲಿನ ಮೇಲೆ ಇಟ್ಟಳು.

"ಎರ್ವಿನ್, ಅಲ್ಲಾಡಬೇಡ. ಅಲ್ಲೇ ನಿಲ್ಲು."

"ಯಾಕೆ? ಹಾವಾ?"

ಅವಳು ಆಗಲೇ ಮಂಡಿಯೂರಿ ಕಂಬದ ಗುಂಡಿಯೊಳಗೆ ತೋಳಿನವರೆಗೆ ಕೈ ಇಳಿಸಿದ್ದಳು. ಹಿಡಿ ತುಂಬ ಬಂದದ್ದು ಬೂದಿ ಬೆರೆತ ಮಣ್ಣು. ಇನ್ನೊಂದು ಹಿಡಿಯಲ್ಲಿ ನೀಲಿ ಗೆರೆಯ ಪಿಂಗಾಣಿ ಚೂರು. ಕಂಬ ವಾಲುತ್ತಿದ್ದುದು ಹಸುವಿನಿಂದಲ್ಲ, ಕೈಗುಣದಿಂದಲೂ ಅಲ್ಲ. ಕೆಳಗೆ ತುಂಬಿ ಮುಚ್ಚಿದ ನೆಲಮಾಳಿಗೆಯ ಗುಂಡಿ ಇತ್ತು. ಗಟ್ಟಿ ನೆಲವಿಲ್ಲದಲ್ಲಿ ಕಂಬ ನಿಲ್ಲುವುದಾದರೂ ಹೇಗೆ? ಎರಡು ತಲೆಮಾರು ಬೈದಾಡಿಕೊಂಡು ಅದೇ ಗುಂಡಿಯಲ್ಲಿ ಅದೇ ಕಂಬ ಮತ್ತೆ ಮತ್ತೆ ನೆಟ್ಟಿದ್ದರು.

"ಬಯಲಿನ ನಟ್ಟನಡುವೆ ಅಂತಿದ್ರಲ್ಲ ನಿಮ್ಮೋರು," ಎಂದ ಓರಿನ್.

"ಅಂತಿದ್ರು."

"ಇದು ಗಡಿ ಮೇಲೆ ಅಲ್ವೇನೇ ಇದೆ?"

ಆ ದಿನ ಬೇಲಿಯ ಕೆಲಸ ಅಲ್ಲಿಗೇ ನಿಂತಿತು. ಮೂವರೂ ಸಲಿಕೆ ಹಿಡಿದು ಹುಲ್ಲಿನ ಹೊದಿಕೆಯನ್ನು ಮೆಲ್ಲಗೆ ಸುಲಿದರು. ಒಂದು ಗೇಣಿನ ಕೆಳಗೆ ಸಾಲಾಗಿ ಇಟ್ಟ ಅಡಿಪಾಯದ ಕಲ್ಲುಗಳು ಸಿಕ್ಕವು. ಪೂರ್ವಕ್ಕೆ, ಲಿಯೋನಾಳ ಕಡೆ, ತುಳಿದು ನುಣುಪಾದ ಅಗಲ ಹೊಸ್ತಿಲುಗಲ್ಲು. ಲಿಯೋನಾ ಅದರ ಮುಂದೆ ಮಂಡಿಯೂರಿದಳು. ಕೈಯಿಂದ ಮಣ್ಣು ಒರೆಸಿ ಅದರ ಮೇಲೆ ಸ್ವಲ್ಪ ಹೊತ್ತು ಕೂತಳು. ಎರ್ವಿನ್ ಕೂಡ ಗೊಣಗುವುದನ್ನು ನಿಲ್ಲಿಸಿ ಕಾಫಿ ಬಗ್ಗಿಸಿ ಕೊಟ್ಟ. ಅಷ್ಟರಲ್ಲಿ ಓರಿನ್ ತನ್ನ ಕಡೆಯಿಂದ ಕೂಗಿದ.

"ಲಿಯೋನಾ, ನಿಮ್ಮ ಮುತ್ತಜ್ಜಿಗೆ ಎರಡು ಹೊಸ್ತಿಲು ಯಾಕೆ ಬೇಕಾಗಿತ್ತು?"

ಪಶ್ಚಿಮದಲ್ಲೂ ಅಂಥದೇ ಕಲ್ಲು. ಅದೇ ಅಗಲ, ಅದೇ ಸವೆತ. ಟೇಪು ಹಿಡಿದರು. ಅಗಲ ಹನ್ನೆರಡು ಅಡಿ ಸರಿಯಾಗಿಯೇ ಇತ್ತು. ಉದ್ದ ಇಪ್ಪತ್ತನಾಲ್ಕು. ಬೇಲಿಯ ಗೆರೆ ಹಿಡಿದರೆ ಈ ಕಡೆ ಹನ್ನೆರಡು, ಆ ಕಡೆ ಹನ್ನೆರಡು.

"ಕಾಗದದಲ್ಲಿ ಹನ್ನೆರಡಕ್ಕೆ ಹನ್ನೆರಡು ಅಂತಾನೇ ಇದೆ," ಎಂದಳು ಲಿಯೋನಾ. "ನಾನೇ ಓದಿದೀನಿ."

"ಹಾಗಾದ್ರೆ ಇನ್ನರ್ಧ ಯಾರದು?" ಎಂದ ಎರ್ವಿನ್.

ಆಗ ಓರಿನ್ ಹುಲ್ಲಿನ ಮೇಲೆ ಕೂತು, ಒಂದು ಬಿಸ್ಕತ್ತು ಪೂರ್ತಿ ತಿಂದು ಮುಗಿಸಿದ ಮೇಲೆ, ಹೇಳಿದ. ಸ್ಲೆಟ್ಟನ್‌ಗಳ ನೆಲವನ್ನು ಮೊದಲು ಹಿಡಿದವನು ಓರಿನ್‌ನ ಮುತ್ತಜ್ಜನಲ್ಲವಂತೆ. ಅವನ ಅಕ್ಕ ಗುನ್ಹಿಲ್ಡ್ ಎಂಬವಳಂತೆ. ಅವಳಿಗೂ ಮದುವೆಯಾಗಿರಲಿಲ್ಲ. ನೆಲದ ಹಕ್ಕು ಕೈಗೆ ಬಂದ ಮೇಲೆ ತಮ್ಮನಿಗೆ ಬಿಟ್ಟುಕೊಟ್ಟು ಪಶ್ಚಿಮದ ಕಡೆ ಹೊರಟುಹೋದಳಂತೆ. "ಅಷ್ಟೇ ಗೊತ್ತು. ನಮ್ಮಲ್ಲಿ ಯಾರೂ ಕಾಗದ ತರಿಸಿದೋರಲ್ಲ. ಅವಳೂ ಎಲ್ಲೋ ಮಲಗಿರಬೇಕಲ್ಲ, ಐದು ವರ್ಷ."

ಎರ್ವಿನ್ ಒಂದು ಹೊಸ್ತಿಲಿನಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ. ಹುಲ್ಲಿನಲ್ಲಿ ಗಾಳಿ ಸುಯ್ಯೆಂದಿತು.

"ಎಲಾ ಹುಡುಗೀರಾ," ಎಂದ ಎರ್ವಿನ್ ಕೊನೆಗೆ. "ಗಡಿ ಮೇಲೆ ಒಂದೇ ಮನೆ ಕಟ್ಟಿದಾರೆ. ಆ ಕಡೆ ಅವಳ ಮಂಚ, ಈ ಕಡೆ ಇವಳ ಮಂಚ. ಇಬ್ಬರೂ ತಂತಮ್ಮ ನೆಲದಲ್ಲೇ ಮಲಗಿದ ಹಾಗಾಯ್ತು, ಸರ್ಕಾರದೋರು ಏನಂತಾರೆ?"

"ಒಂದೇ ಒಲೆ," ಎಂದ ಓರಿನ್. "ಒಂದೇ ಬಾವಿ. ಸೌದೆ ಖರ್ಚೂ ಅರ್ಧ."

"ಬೆರಣಿ. ಸೌದೆ ಎಲ್ಲಿತ್ತು ಆಗ?" ಎಂದಳು ಲಿಯೋನಾ. ಅವಳ ದನಿ ವಿಚಿತ್ರವಾಗಿತ್ತು. ಎರ್ವಿನ್ ತಿರುಗಿ ನೋಡಿದರೆ ಅವಳ ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಅಳ್ತೀಯೇನೇ? ಮನೆ ಸಿಕ್ತಲ್ಲ."

"ಒಬ್ಬಳೇ ಇರಲಿಲ್ಲ ಕಣೋ ಅವಳು," ಎಂದಳು ಲಿಯೋನಾ. "ಇಷ್ಟು ವರ್ಷ ನಾನು ಸುಮ್ಮಸುಮ್ಮನೆ ಅವಳಿಗೋಸ್ಕರ ಅತ್ತಿದ್ದು."

ಕತೆ ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಟೇಪು ಸುತ್ತುತ್ತಿದ್ದ ಎರ್ವಿನ್ ಥಟ್ಟನೆ ನಿಂತ. "ಇಪ್ಪತ್ತನಾಲ್ಕಕ್ಕೆ ಹನ್ನೆರಡು. ಹೋದ ವರ್ಷ ನಮ್ಮ ಹಳೇ ಕಣಜದ ಚಾವಣಿಗೆ ತಗಡು ತಂದಾಗ್ಲೂ ಇದೇ ಅಳತೆ ಬರೆಸಿದ್ದೆ."

ಆ ಕಣಜ ಅವರ ಅಂಗಳದಲ್ಲಿ ಯಾರಿಗೂ ನೆನಪಿಲ್ಲದ ಕಾಲದಿಂದ ನಿಂತಿತ್ತು. ಮೊದಲು ಓಟ್ಸ್ ತುಂಬುತ್ತಿದ್ದರು. ಈಗ ಬಣ್ಣದ ಡಬ್ಬಿ, ಹಳೆಯ ಟಯರು. ಅದನ್ನು ಎಲ್ಲಿಂದಲೋ ದಿಮ್ಮಿಗಳ ಮೇಲೆ ಏರಿಸಿ ಕುದುರೆ ಕಟ್ಟಿ ಎಳೆದು ತಂದದ್ದು ಎಂದು ಅಪ್ಪ ಹೇಳುತ್ತಿದ್ದ. ಎಲ್ಲಿಂದ ಎಂದು ಯಾರೂ ಕೇಳಿರಲಿಲ್ಲ. ಆ ಸೀಮೆಯಲ್ಲಿ ಕಟ್ಟಡಗಳು ಹೀಗೆ ಊರೂರು ತಿರುಗುವುದು ಮಾಮೂಲಿ.

ಮೂವರೂ ಪಿಕಪ್ ಹತ್ತಿ ಅಂಗಳಕ್ಕೆ ಬಂದರು. ಟಯರುಗಳನ್ನು ಹೊರಗೆ ಉರುಳಿಸಿದರು. ಕಾಳು ಸೋರದಿರಲೆಂದು ಒಳಗೋಡೆಗೆ ಹೊಡೆದ ಹಲಗೆಗಳಲ್ಲಿ ಒಂದನ್ನು ಓರಿನ್ ಹಾರೆಯಿಂದ ಮೀಟಿ ತೆಗೆದ. ಹಿಂದೆ ಹಳದಿಗಟ್ಟಿದ ಪತ್ರಿಕೆಯ ಹಾಳೆಗಳು. ಗಾಳಿ ನುಗ್ಗದಂತೆ ಹಿಟ್ಟಿನ ಅಂಟು ಹಾಕಿ ಗೋಡೆ ತುಂಬ ಮೆತ್ತಿದ್ದರು. ಲಿಯೋನಾ ಕನ್ನಡಕ ಏರಿಸಿಕೊಂಡು ಓದಿದಳು. ಜರ್ಮನ್. ಗೋಧಿಯ ಧಾರಣೆ, ಯಾರದೋ ಸಾವು, ಹೊಟ್ಟೆನೋವಿನ ಔಷಧಿ.

ಓರಿನ್ ಆ ತುದಿಗೆ ಹೋಗಿ ಇನ್ನೊಂದು ಹಲಗೆ ತೆಗೆದ. "ಇದು ನಮ್ಮದು," ಎಂದ. ಅವನ ಅಜ್ಜಿ ಪ್ರಾರ್ಥನೆ ಹೇಳುತ್ತಿದ್ದ ನಾರ್ವೆಯ ನುಡಿ ಅವನಿಗೆ ಓದಲು ಬಾರದಿದ್ದರೂ ನೋಡಿದರೆ ಗುರುತು ಹಿಡಿಯಬಲ್ಲ. ಹಲಗೆಯೊಂದಾದ ಮೇಲೊಂದು ತೆಗೆಯುತ್ತ ಎರಡು ಕಡೆಯಿಂದ ನಡುವಿಗೆ ಬಂದರು. ನಡುವೆ ಅಡ್ಡಗೋಡೆಯಿದ್ದ ಗುರುತೇ ಇರಲಿಲ್ಲ. ಜರ್ಮನ್ ಹಾಳೆಯ ಅಂಚಿನ ಮೇಲೆ ನಾರ್ವೆಯ ಹಾಳೆ ಹತ್ತಿ ಕೂತಿತ್ತು. ಸ್ವಲ್ಪ ಈಚೆಗೆ, ಪೂರಾ ಮಗ್ದಲೇನಾಳ ಪಾಲಿನಲ್ಲಿ, ಹಲಗೆ ಬಿರಿದ ಕಡೆ ಯಾರೋ ಒಂದು ನಾರ್ವೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತೇಪೆ ಹಾಕಿದ್ದರು. ಲಿಯೋನಾ ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಳು. ಆ ಬಿರುಕಿನ ಪಕ್ಕದಲ್ಲೇ ಮಂಚ ಇದ್ದಿರಬೇಕು ಎನ್ನಿಸಿತು.

"ಆಮೇಲೆ ಇವರಿಬ್ಬರು ಒಟ್ಟಿಗಿದ್ದ ಮಾತು ಹೇಗೆ ಸತ್ತುಹೋಯ್ತೋ," ಎಂದಳು.

"ನಿಮ್ಮ ಚರ್ಚಿನೋರಿಗೂ ನಮ್ಮ ಚರ್ಚಿನೋರಿಗೂ ಆಗ್ತಿರಲಿಲ್ಲ ಅಲ್ವಾ. ಜರ್ಮನ್ನರ ಮನೇಲಿ ಕಾಫಿ ಕುಡಿಯೋದಕ್ಕೆ ಪವಿತ್ರ ಗ್ರಂಥದಲ್ಲಿ ಅಪ್ಪಣೆ ಇಲ್ಲ ಅಂತಿದ್ದ ನಮ್ಮಜ್ಜ," ಎಂದ ಓರಿನ್. ಆಮೇಲೆ ಹಾರೆಯನ್ನು ಗೋಡೆಗೆ ಒರಗಿಸಿ, ಕಣಜವನ್ನು ಮೇಲಿಂದ ಕೆಳಕ್ಕೆ ಅಳೆಯುವವನ ಹಾಗೆ ನೋಡಿದ. "ಅಂದ್ರೆ ಇದರಲ್ಲಿ ಅರ್ಧ ನಮ್ಮದು."

ಎರ್ವಿನ್ ನಕ್ಕ. ಲಿಯೋನಾ ನಗಲಿಲ್ಲ. "ಹೌದು," ಎಂದಳು. "ಗುನ್ಹಿಲ್ಡ್ ಹೋದ ಮೇಲೆ ನಮ್ಮ ಮುತ್ತಜ್ಜಿ ಪೂರ್ತಿ ಮನೇನೇ ಎಳ್ಕೊಂಡು ಬಂದಿದಾಳೆ. ನಿಮ್ಮ ಅರ್ಧವನ್ನೂ ಸೇರಿಸಿ. ನಾವು ಅದರಲ್ಲಿ ಓಟ್ಸ್ ತುಂಬಿದ್ವಿ."

"ಸುಮ್ನೆ ಅಂದೆ ಮಾರಾಯ್ತಿ."

"ನಾನು ಸುಮ್ನೆ ಅಂತಿಲ್ಲ. ನೀನು ಜಾಗ ಬಿಟ್ಟು ಉಳ್ತೀನಿ ಅಂದೆ. ಅದರಲ್ಲೂ ಅರ್ಧ ನಿನ್ನ ನೆಲ. ಈ ಮನೆಯ ಸಾಲ ಬೇರೆ. ಏನು ಬೇಕು ಹೇಳು. ಪಶ್ಚಿಮದ ಬಾಗಿಲು ಬೇಕಾದ್ರೆ ಬಿಚ್ಕೊಂಡು ಹೋಗು."

"ಬಾಗಿಲು ತಗೊಂಡು ಎಲ್ಲಿ ಹಾಕ್ಲಿ, ಹಣೆಗಾ?" ಓರಿನ್ ಯೋಚಿಸಿದ. ಅವನ ಯೋಚನೆಗೆ ಹೊತ್ತು ಬೇಕಾಗುತ್ತಿತ್ತು; ಅಷ್ಟರಲ್ಲಿ ಎರ್ವಿನ್ ಒಂದು ಟಯರನ್ನು ಒಳಗೆ ಉರುಳಿಸಿ ತಂದ. "ಜುಲೈ ತಿಂಗಳಲ್ಲಿ ನಿಮ್ಮ ನೆಂಟರೆಲ್ಲ ಸೇರ್ತಾರಲ್ಲ, ಮುತ್ತಜ್ಜಿ ಹೆಸರಲ್ಲಿ?"

"ಹೂಂ. ಈ ಸಲ ಮನೆ ಜಾಗದಲ್ಲೇ ನಿಂತು ಪ್ರಾರ್ಥನೆ ಮಾಡಬೇಕು ಅಂತಿದ್ದೆ."

"ನಮ್ಮೋರನ್ನೂ ಕರೀಬೇಕು. ಅರ್ಧ ಮನೆ ನಮ್ಮದು ಅಂದ್ರೆ ಅರ್ಧ ಪಂಕ್ತಿ ನಮ್ಮದು. ನಿನ್ನ ಕೈಯ ಆ ಕೆನೆ ಹಾಕಿ ಬೇಯಿಸೋ ಕೂಕೆನ್ ಕೇಕು ಇದೆಯಲ್ಲ, ಎಲ್ಲರಿಗೂ ಎರಡೆರಡು ಹೋಳು. ಅಲ್ಲಿಗೆ ಸಾಲ ತೀರ್ತು."

"ಸ್ಲೆಟ್ಟನ್‌ಗಳು ಎಷ್ಟು ಜನ ಇದೀರೋ ನೀವು?" ಎಂದ ಎರ್ವಿನ್ ಗಾಬರಿಯಿಂದ.

"ಯಾರೂ ಎಣಿಸಿಲ್ಲ."

ಓರಿನ್ ಮರುದಿನವೇ ಆ ಜಾಗದ ನಾಲ್ಕು ಮೂಲೆಗೆ ಗೂಟ ಹೊಡೆದು, ಸುತ್ತ ಬಿಟ್ಟು ಉತ್ತ. ನೆಟ್ಟಗೆ ಬರುತ್ತಿದ್ದ ಸಾಲು ಅಲ್ಲಿ ಬಂದು, ಬಳಸಿ, ಮತ್ತೆ ನೆಟ್ಟಗೆ ಹೋಗುತ್ತಿತ್ತು. ಸಾಲು ನೆಟ್ಟಗಿಲ್ಲದಿದ್ದರೆ ಊಟ ಸೇರದ ಮನುಷ್ಯ ಅವನು.

ಜುಲೈ ತಿಂಗಳ ಎರಡನೆಯ ಭಾನುವಾರ ಹುಲ್ಲಿನ ಆ ತುಂಡಿನ ಮೇಲೆ ಉದ್ದಕ್ಕೆ ಮೇಜು ಹಾಕಿದರು. ಲಿಯೋನಾ ನಾಲ್ಕು ದಿನ ಒಲೆಯ ಮುಂದಿನಿಂದ ಏಳಲಿಲ್ಲ. ಸ್ಲೆಟ್ಟನ್‌ಗಳು ಗಾಡಿಗಾಡಿಗಳಲ್ಲಿ ಬಂದರು. ಬರಿಗೈಯಲ್ಲಿ ಬರಲಿಲ್ಲ, ಆಲೂಗೆಡ್ಡೆಯ ತೆಳು ರೊಟ್ಟಿ ಬುಟ್ಟಿಗಟ್ಟಲೆ ತಂದಿದ್ದರು. ಮೊದಲು ಜರ್ಮನ್ನರು ಪೂರ್ವದ ಕಡೆ, ನಾರ್ವೆಯವರು ಪಶ್ಚಿಮದ ಕಡೆ ಗೆರೆ ಎಳೆದ ಹಾಗೆ ಕೂತರು. ಕೂಕೆನ್ ಎಲ್ಲ ಪೂರ್ವದಲ್ಲಿತ್ತು, ಕಾಫಿ ಎಲ್ಲ ಪಶ್ಚಿಮದಲ್ಲಿತ್ತು. ಹಾಗಾಗಿ ಬಹಳ ಹೊತ್ತು ಹಾಗೇ ಕೂರಲಾಗಲಿಲ್ಲ.

ಓರಿನ್‌ನ ಅಕ್ಕ ಥೋರಾ, ಎಂಬತ್ತು ದಾಟಿದ ಚುರುಕು ಮುದುಕಿ, ಪಶ್ಚಿಮದ ಹೊಸ್ತಿಲುಗಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಲಿಯೋನಾ ತಟ್ಟೆ ಹಿಡಿದು ಹೋದಳು.

"ಥೋರಕ್ಕಾ, ಇನ್ನೊಂದು ಹೋಳು?"

"ಹಾಕಮ್ಮಾ. ನಂದೂ ಪಾಲಿದೆಯಂತಲ್ಲ." ಮುದುಕಿ ತುತ್ತು ನುಂಗಿ ಕೇಳಿದಳು, "ಅಲ್ಲಾ, ನಮ್ಮ ಗುನ್ಹಿಲ್ಡ್ ಆಮೇಲೆ ಎಲ್ಲಿಗೆ ಹೋದ್ಲು? ಎಲ್ಲಿ ಸತ್ತಳು? ನಮ್ಮ ಗಂಡಸರಿಗೆ ಒಬ್ಬರಿಗೂ ಗೊತ್ತಿಲ್ಲ, ದಡ್ಡ ಮುಂಡೇವು. ಕಾಗದ ಪತ್ರ ನೋಡೋಳು ನೀನೇ ಅಂತೆ."

ಲಿಯೋನಾ ಪೂರ್ವದ ಹೊಸ್ತಿಲಿನ ಕಡೆ ತಿರುಗಿ ನೋಡಿದಳು. ಮೂವತ್ತು ವರ್ಷ ಅವಳು ತನ್ನ ಅರ್ಧವನ್ನು ಮಾತ್ರ ಹುಡುಕಿದ್ದಳು.

"ಚಳಿಗಾಲ ಬರಲಿ ಥೋರಕ್ಕಾ. ಹೊಲದ ಕೆಲಸ ಮುಗೀಲಿ. ನೋಡ್ತೀನಿ."

ಮೇಜಿನ ಆಚೆಯಿಂದ ಓರಿನ್ ಬಾಯಿ ತುಂಬಿಕೊಂಡೇ ಕೈ ಅಲ್ಲಾಡಿಸಿದ. "ಬೇಡ ಬೇಡ, ಅದು ಒಪ್ಪಂದದಲ್ಲಿ ಇಲ್ಲ. ಎರಡು ಹೋಳು ಆಯ್ತು, ಸಾಲ ತೀರ್ತು."

"ಸಾಲ ತೀರ್ತು ಕಣೋ, ಇದು ಬಡ್ಡಿ," ಎಂದಳು ಲಿಯೋನಾ, ಅವನ ತಟ್ಟೆಗೆ ಮೂರನೆಯ ಹೋಳು ಹಾಕುತ್ತ. ಓರಿನ್ ಒಂದು ಸಲ ತಟ್ಟೆ ನೋಡಿದ, ಒಂದು ಸಲ ಅಕ್ಕನನ್ನು ನೋಡಿದ. ಬೇಡವೆನ್ನಲಿಲ್ಲ.